ಪಟ್ಟಿಯಿಲ್ಲದ ಮೂಲೆ

ರೋಬಿಯಾಳಿಗೆ ಅಡುಗೆಮನೆ ಇರಲಿಲ್ಲ. ಮದುವೆಯಾಗಿ ಮರ್ಗಿಲಾನ್ ಊರಿನ ಆ ಮಣ್ಣುಗೋಡೆಯ ಮನೆಗೆ ಬಂದಾಗಿನಿಂದ ಅವಳು ಅಂಗಳದ ತಗಡಿನ ಮಾಡಿನ ಕೆಳಗೇ ಬೇಯಿಸಿದ್ದಳು. ಹಿಮ ಬೀಳುವಾಗ ಒಂದು ಕೈಯಲ್ಲಿ ಕಡಾಯಿಯ ಮುಚ್ಚಳ ಹಿಡಿದು ಇನ್ನೊಂದರಲ್ಲಿ ತಿರುವಿದ್ದಳು. ಗಂಡ ಸತ್ತು ವರ್ಷಗಳಾಗಿದ್ದವು. ಒಬ್ಬನೇ ಮಗ ಅಸ್ಕರ್, ಸಣ್ಣದೊಂದು ವ್ಯಾನಿನಲ್ಲಿ ರೇಷ್ಮೆ ಬಟ್ಟೆಯ ಗಂಟುಗಳನ್ನು ಫರ್ಗಾನಾ ಪಟ್ಟಣಕ್ಕೆ ಸಾಗಿಸುತ್ತಿದ್ದ. ಅವನಿಗೆ ಹೆಣ್ಣು ಗೊತ್ತಾದ ಮೇಲೆ ರೋಬಿಯಾ ಉದ್ದದ ಜಗಲಿಗೆ ಗೋಡೆ ಎಬ್ಬಿಸಿ ಮುಚ್ಚಿಸಿದಳು. ಅಡುಗೆಮನೆ ಆಯಿತು. ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ನಡೆಯಬೇಕು, ಅಷ್ಟೇ ಅಗಲ.

ಒಳಗಿನ ಸಾಮಾನು ಹೆಣ್ಣಿನ ಕಡೆಯವರದು, ಅದರಲ್ಲಿ ಮಾತಿಲ್ಲ. ಹೆಣ್ಣಿನ ಅಪ್ಪ ತುರ್ಗುನ್ ಬಡಗಿ, ಊರವರ ಬಾಯಲ್ಲಿ ಉಸ್ತಾ, ಅಂದರೆ ಮೇಸ್ತ್ರಿ. ಊರಿನ ಅರ್ಧ ಅಡುಗೆಮನೆಗಳ ಕಪಾಟು ಅವನ ಕೈಯವು. ಮಗ ಇಕ್ರೋಮನನ್ನು ಕರೆದುಕೊಂಡು ಅಳತೆಗೆ ಬಂದ.

"ಕಪಾಟಿಗೆ ಯಾವ ಬಣ್ಣ ಬೇಕಾದ್ರೂ ಹಾಕಿ ಬೀಗರೇ, ನಂದೇನೂ ಇಲ್ಲ," ಎಂದಳು ರೋಬಿಯಾ. "ಆದ್ರೆ ಕಟ್ಟೆ ಮೂಲೇಲಿ ಆ ಬಿಳೀ ಪಟ್ಟಿ ಮಾತ್ರ ಬೇಡ."

ಉಸ್ತಾ ಟೇಪು ಮಡಿಸಿದ. ಮೂಲೆಯಲ್ಲಿ ಎರಡು ಹಲಗೆ ಕೂಡುವ ಕಡೆ ಅಲ್ಯುಮಿನಿಯಂ ಪಟ್ಟಿ ಬಡಿಯುವುದು ಅವನ ಅಪ್ಪನ ಕಾಲದಿಂದ ಬಂದ ಕೆಲಸ. ಸಂದು ಎಷ್ಟೇ ಸೊಟ್ಟಗಿದ್ದರೂ ಪಟ್ಟಿ ನುಂಗುತ್ತದೆ.

"ಪಟ್ಟಿ ಇಲ್ದೆ ಹಲಗೆ ಹೆಂಗೆ ಕೂಡುತ್ತೆ?"

"ನಮ್ಮಕ್ಕನ ಸೊಸೆ ಮನೇಲಿ ಕೂಡಿದೆ. ನೋಡಿದ್ರೆ ಒಂದೇ ಬಂಡೆ. ಪಟ್ಟಿ ಸಂದೀಲಿ ಹಿಟ್ಟು ಕೂತ್ಕೊಂಡು ಜಿರಳೆ ಸಾಕೋದು ನಂಗಿಷ್ಟ ಇಲ್ಲ."

"ಆಗುತ್ತೆ ಚಿಕ್ಕಮ್ಮ," ಎಂದ ಇಕ್ರೋಮ್. "ನಾನು ಕೂಡಿಸಿ ಕೊಡ್ತೀನಿ."

ಇಕ್ರೋಮ್ ನಾಲ್ಕು ವರ್ಷ ರಷ್ಯಾದ ಯೆಕತೆರಿನ್‌ಬುರ್ಗ್‌ನಲ್ಲಿ ಇದೇ ಕೆಲಸ ಮಾಡಿ ಬಂದಿದ್ದ. ಒಂದು ಹಲಗೆಯ ದುಂಡು ಅಂಚನ್ನು ಓರೆಯಾಗಿ ಕತ್ತರಿಸಿ, ಇನ್ನೊಂದರ ತುದಿಯನ್ನು ಅದಕ್ಕೆ ಹೊಂದುವಂತೆ ಕೊರೆದು, ನಡುವೆ ಅಂಟು ಸವರಿ, ಅಡಿಯಿಂದ ಬೋಲ್ಟು ಬಿಗಿದರೆ ಆಯಿತು. ಹೇಳಲು ಇಷ್ಟೇ. ಆದರೆ ಅಂಗಡಿಯಲ್ಲಿ ಸಿಗುವ ಹಲಗೆ ಅರವತ್ತು ಸೆಂಟಿಮೀಟರ್ ಅಗಲ. ರೋಬಿಯಾಳ ಜಗಲಿಗೆ ನಲವತ್ತೇ ಹಿಡಿಸುವುದು. ಹಿಂದಿನಿಂದ ಸೀಳಿ ಕಿರಿದು ಮಾಡಿದ ಹಲಗೆಯ ಮೇಲೆ ಕೊರೆಯುವ ಅಚ್ಚು ಸರಿಯಾಗಿ ಕೂರುವುದಿಲ್ಲ, ಅರ್ಧ ಗಾಳಿಯಲ್ಲಿ ನಿಲ್ಲುತ್ತದೆ. ಇಕ್ರೋಮ್ ಪಕ್ಕಕ್ಕೆ ಅದೇ ದಪ್ಪದ ಚೂರು ಹಲಗೆ ಬಿಗಿದು ಅಚ್ಚಿಗೆ ಆಸರೆ ಕೊಟ್ಟ. ಮೂರು ಬೋಲ್ಟಿನ ಜಾಗದಲ್ಲಿ ಎರಡೇ ಹಿಡಿಸಿದವು. ತಮ್ಮ ಕಾರ್ಖಾನೆಯಲ್ಲೇ ಕೂಡಿಸಿ ನೋಡಿದಾಗ ಉಸ್ತಾ ಸಂದಿನ ಮೇಲೆ ಉಗುರು ಎಳೆದ. ಉಗುರು ಎಲ್ಲಿಯೂ ತಡೆಯಲಿಲ್ಲ. ಏನೂ ಹೇಳದೆ ಚಹಾ ಕುಡಿಯಲು ಹೋದ. ಅವನ ಮಟ್ಟಿಗೆ ಅದು ದೊಡ್ಡ ಹೊಗಳಿಕೆ.

ಆ ನಡುವೆ ರೋಬಿಯಾಳ ಮನೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಹೊಸ ಗೋಡೆಗೆ ಗಾರೆ ಆಗಿರಲಿಲ್ಲ. ಕೇರಿಯ ಗಂಡಸರು ಒಂದು ಭಾನುವಾರ ಸೇರಿ ಮುಗಿಸಿಕೊಟ್ಟರು. ಕೂಲಿಯಿಲ್ಲ, ಮಧ್ಯಾಹ್ನ ಒಂದು ಕಡಾಯಿ ಪಲಾವು. ಕಟುಕ, ಕಂಡಕ್ಟರ್, ಸ್ಕೂಲಿನ ಭೂಗೋಳದ ಮೇಷ್ಟ್ರು, ಎಲ್ಲರೂ ಮೆತ್ತಿದರು. ಬಿಟ್ಟಿ ಕೆಲಸಕ್ಕೆ ಬಂದವರಿಗೆ ತೂಗುಗುಂಡು ಹಿಡಿದು ನೋಡಿ ಎನ್ನುವವರು ಯಾರು? ಮೇಷ್ಟ್ರ ಪಾಲಿಗೆ ಬಂದ ಮೂಲೆಯಲ್ಲಿ ಗಾರೆ ಎರಡು ಬೆರಳು ದಪ್ಪ ನಿಂತಿತು.

"ಗಾರೆ ಆಯ್ತಂತೆ. ಮೂಲೆ ಇನ್ನೊಂದ್ಸಲ ಅಳೆದು ಬರ್ತೀನಿ," ಎಂದಿದ್ದ ಇಕ್ರೋಮ್.

"ಹೆಣ್ಣಿನ ಅಣ್ಣ ದಿನಾ ಟೇಪು ಹಿಡ್ಕೊಂಡು ಹೋದ್ರೆ ಜನ ಏನಂತಾರೆ? ಮನೆ ಕೊಳ್ಳೋಕೆ ಬಂದಿದಾನೆ ಅಂತಾರೆ. ಸುಮ್ನಿರು," ಎಂದಿದ್ದ ಉಸ್ತಾ.

ಸಾಮಾನು ಜೋಡಿಸಿದ್ದು, ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಕೊಟ್ಟದ್ದನ್ನು ಕೇರಿಯ ಹೆಂಗಸರು ನೋಡಲು ಬರುವ ಹಿಂದಿನ ದಿನ. ಎರಡು ಹಲಗೆಗಳನ್ನೂ ಮೇಷ್ಟ್ರ ದಪ್ಪ ಗಾರೆಯ ಗೋಡೆಗೆ ಒತ್ತಿದರು. ಗೋಡೆಯ ಕಡೆ ಸಂದು ಕೂಡಿತು. ಎದುರಿನ ಅಂಚಿನಲ್ಲಿ ಕತ್ತರಿಯ ಬಾಯಿಯಂತೆ ತೆರೆದುಕೊಂಡಿತು. ಬೆಂಕಿಕಡ್ಡಿ ಹೋಗುವಷ್ಟು. ಬೋಲ್ಟು ಬಿಗಿದರು. ಸಂದು ಮುಚ್ಚಿತು, ಹಲಗೆ ಗೋಡೆ ಬಿಟ್ಟು ಬೆರಳಗಲ ಈಚೆ ಬಂತು. ಸಡಿಲಿಸಿದರು. ಮತ್ತೆ ತೆರೆಯಿತು.

"ಬಿಚ್ಚಿ ಒಯ್ದು ಮತ್ತೆ ಕೊರೀಬೇಕು," ಎಂದ ಇಕ್ರೋಮ್.

"ಕೊರೆದ್ರೆ ಗಿಡ್ಡ ಆಗುತ್ತೆ. ಪಾತ್ರೆ ತೊಳೆಯೋ ತೊಟ್ಟಿಗೆ ಕೊರೆದ ತೂತು ಕೊಳಾಯಿ ಬಿಟ್ಟು ಆಚೆ ಹೋಗುತ್ತೆ," ಎಂದ ಉಸ್ತಾ.

"ಹಂಗಾದ್ರೆ ಹೊಸ ಹಲಗೆ."

"ನಾಳೆ ಹತ್ತು ಗಂಟೆಗೆ ಇಡೀ ಕೇರಿ ಹೆಂಗಸರು ಬರ್ತಾರೆ. ಈ ಬಣ್ಣದ್ದು ಬಜಾರಲ್ಲಿ ಮುಗಿದಿದೆ. ನಿಮ್ಮಜ್ಜ ತಂದ್ಕೊಡ್ತಾನಾ?"

"ಹಂಗಾದ್ರೆ ಪಟ್ಟಿ ಬಡೀರಿ."

"ಪಟ್ಟಿ ಬೇಡ ಅಂದಿದಾಳೆ. ಆಗುತ್ತೆ ಅಂದೋನು ನೀನು."

ಉಸ್ತಾ ಪೆಟ್ಟಿಗೆಯಿಂದ ಮೇಣದ ಕಡ್ಡಿ ತೆಗೆದ. ಕಪಾಟು ಸಾಗಿಸುವಾಗ ಬಿದ್ದ ಗೀರು ಮುಚ್ಚಲು ಇಟ್ಟುಕೊಂಡದ್ದು. ಮತ್ತೆ ಬಿಚ್ಚಬೇಕಾದೀತೆಂದು ಅಂಟು ಹಾಕದೆ, ಮೇಣವನ್ನೇ ಲೈಟರಿನಲ್ಲಿ ಕರಗಿಸಿ ಸಂದಿಗೆ ತುಂಬಿ, ಹೆಚ್ಚಾದದ್ದನ್ನು ಕೆರೆದು, ಅಂಗಿಯ ತೋಳಿನಿಂದ ಉಜ್ಜಿದ. ಹಲಗೆಯ ಮೇಲೆ ಅಚ್ಚೊತ್ತಿದ ಕಲ್ಲಿನ ಬಣ್ಣದಲ್ಲಿ ಮೇಣದ ಬಣ್ಣ ಕರಗಿಹೋಯಿತು.

"ನೀರು ಬಿದ್ರೆ?" ಎಂದ ಇಕ್ರೋಮ್. "ಒಳಗೆ ಬರೀ ಮರದ ಪುಡಿ ಅಪ್ಪ. ಒಣ ರೊಟ್ಟಿ ಚಹಾ ಕುಡಿದಂಗೆ ಕುಡಿಯುತ್ತೆ. ತೊಟ್ಟಿ ಬೇರೆ ಪಕ್ಕದಲ್ಲೇ ಇದೆ."

"ಮದುವೆ ಆಗ್ಲಿ. ನಲವತ್ತು ದಿನ ಕಳೀಲಿ. ಕರೆದಾಗ ಊಟಕ್ಕೆ ಹೋಗ್ತೀವಲ್ಲ, ಆವಾಗ ಸರಿ ಮಾಡೋಣ."

ಹೊಸ ಸೊಸೆ ಬಂದ ಮನೆಗೆ ಮೊದಲ ನಲವತ್ತು ದಿನ ಅವಳ ತವರಿನವರು ಕಾಲಿಡುವುದಿಲ್ಲ. ಅದೂ ಗರಗಸದ ಚೀಲ ಹೊತ್ತುಕೊಂಡು ಹೋದರೆ ಮುಗಿಯಿತು: ಕೊಟ್ಟ ಸಾಮಾನಿನಲ್ಲಿ ಐಬಿದೆ ಎಂದರೆ ಕೊಟ್ಟ ಹುಡುಗಿಯಲ್ಲೂ ಇದೆ ಎಂದು ಅರ್ಥ ಹಚ್ಚಲು ಕೇರಿಗೆ ಯಾರೂ ಕಲಿಸಬೇಕಿಲ್ಲ. ಇಕ್ರೋಮ್ ಒಪ್ಪಿದ. ಮನೆಗೆ ಬಂದು ಹೆಂಡತಿ ಬರ್ನೋಳ ಹತ್ತಿರ ಮಾತ್ರ ಹೇಳಿದ. ಅಂಗಿಯ ಮೇಣದ ಕಲೆ ಒಗೆಯುವವಳು ಅವಳು, ಹೇಳದೆ ವಿಧಿಯಿರಲಿಲ್ಲ.

ಮರುದಿನ ಹೆಂಗಸರು ಬಂದರು. ಹಾಸಿಗೆ ಎಣಿಸಿದರು, ಬಟ್ಟಲುಗಳನ್ನು ತಟ್ಟಿ ನೋಡಿದರು, ಕೊನೆಗೆ ಜಗಲಿಗೆ ಒಬ್ಬೊಬ್ಬರಾಗಿ ನುಗ್ಗಿದರು. ರೋಬಿಯಾ ಮೂಲೆಯ ಮೇಲೆ ಅಂಗೈ ಸವರಿ ತೋರಿಸಿದಳು.

"ಎಲ್ಲಿ ಕೂಡಿದೆ ಹೇಳಿ ನೋಡೋಣ."

ಯಾರಿಗೂ ಹೇಳಲಾಗಲಿಲ್ಲ. ಅಲ್ಲಿಯೇ ಮೂವರು ತಮ್ಮ ಮನೆಗೂ ಅಂಥದೇ ಮೂಲೆ ಬೇಕೆಂದು ಹೆಣ್ಣಿನ ತಾಯಿ ಖದಿಚಾಳ ಕಿವಿಗೆ ಹಾಕಿದರು. ಖದಿಚಾಳಿಗೆ ಮೇಣದ ವಿಷಯ ಗೊತ್ತಿರಲಿಲ್ಲ. ಅವಳು ಹಿಗ್ಗಿ ಮನೆಗೆ ಬಂದಳು.

ಉಸ್ತಾನ ಮಗಳು ಮೊಹಿರಾಳ ಮದುವೆಯಾಯಿತು. ಹತ್ತೊಂಬತ್ತರ ಹುಡುಗಿ. ಬೆಳಗಾಗುವ ಮುಂಚೆ ಎದ್ದು ಅಂಗಳ ಗುಡಿಸಿ, ಬಂದವರಿಗೆಲ್ಲ ಬಾಗಿ ಸಲಾಂ ಮಾಡಿ, ಅತ್ತೆಯ ಬಟ್ಟಲಿಗೆ ಮರ್ಯಾದೆಗೆ ತಕ್ಕಂತೆ ಅರ್ಧವೇ ಚಹಾ ಬಗ್ಗಿಸುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೋಬಿಯಾ ಮೊದಮೊದಲು ಸೊಸೆಯನ್ನು ಹೊಗಳಿದಳು. ಹೊಸ ಅಡುಗೆಮನೆಯಲ್ಲಿ ಇಬ್ಬರೂ ಕುಂಬಳಕಾಯಿ ಕಡುಬು ಮಡಿಸಿದರು. ಒಬ್ಬರು ಹಿಂದಕ್ಕೆ ನಡೆಯಬೇಕಾದಾಗ ಸೊಸೆಯೇ ನಡೆದಳು.

ಮೂರನೆಯ ವಾರ ಮೂಲೆಯಲ್ಲಿ ಮೇಣ ಎದ್ದಿತು. ಬಿಸಿ ಕಡಾಯಿ ಇಳಿಸಿಟ್ಟದ್ದಕ್ಕೋ ಏನೋ. ಅದಾದ ಮೇಲೆ ಹಲಗೆಯ ಅಂಚು ಸ್ವಲ್ಪ ಮೇಲೆದ್ದಿತು. ರೋಬಿಯಾ ಅಂಗೈ ಸವರುವಾಗ ತಡೆಯಿತು.

"ಇದೇನು ಕೆಲಿನ್?" ಸೊಸೆಯನ್ನು ಅಲ್ಲಿ ಕರೆಯುವುದೇ ಹಾಗೆ.

"ಗೊತ್ತಿಲ್ಲ ಅತ್ತೆ."

"ನೀರು ನಿಲ್ಲಿಸಿದೀಯ."

"ಇಲ್ಲ ಅತ್ತೆ, ಒರೆಸ್ತೀನಿ."

"ಒರೆಸಿದ್ರೆ ಇದ್ಯಾಕೆ ಉಬ್ಬುತ್ತೆ? ಬಸುರಾಗಿದೆಯಾ? ಮೂವತ್ತು ವರ್ಷ ಮಳೆಗೆ ಹಿಮಕ್ಕೆ ಬೇಯಿಸಿದೆ ನಾನು. ದೇವರು ಒಂದು ಅಡುಗೆಮನೆ ಕೊಟ್ಟ. ತಿಂಗಳು ತುಂಬೋ ಮುಂಚೆ ಕೊಳೆಸಿಟ್ಟೆ."

ಮೊಹಿರಾ ಅಂದಿನಿಂದ ತೊಟ್ಟಿಯಲ್ಲಿ ಪಾತ್ರೆ ತೊಳೆಯುವುದನ್ನು ಬಿಟ್ಟಳು. ಬೋಗುಣಿಯಲ್ಲಿ ತುಂಬಿಕೊಂಡು ಅಂಗಳದ ನಲ್ಲಿಗೆ ಹೋದಳು. ಜನವರಿ ತಿಂಗಳು. ನಲ್ಲಿಗೆ ಚಿಂದಿ ಸುತ್ತಿ, ಕುದಿನೀರು ಸುರಿದು, ಐಸು ಕರಗಿಸಿ ತೊಳೆಯಬೇಕು. ಬೆರಳ ಗೆಣ್ಣುಗಳು ಒಡೆದವು. ಆದರೂ ಮೂಲೆ ಉಬ್ಬುತ್ತಲೇ ಹೋಯಿತು. ಒಮ್ಮೆ ಒಳಹೊಕ್ಕ ನೀರು ಅಲ್ಲಿಯೇ ಕೂತಿತ್ತು. ಮೇಲಿನ ಹಾಳೆ ಸಿಪ್ಪೆಯಂತೆ ಸುರುಳಿ ಎದ್ದಿತು. ಕೆಳಗಿನ ಪುಡಿ ಕಂದುಗಂಜಿಯಾಗಿ ಬೆರಳಿಗೆ ಅಂಟಿತು.

ತವರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಖದಿಚಾ ಬಜಾರಿನಲ್ಲಿ ರೋಬಿಯಾಳ ಅಕ್ಕನನ್ನು ಕಂಡು ಬಂದಿದ್ದಳು. ಸಂಜೆ ಹೆಸರುಬೇಳೆ ಗಂಜಿ ಬಡಿಸುತ್ತ ಹೇಳಿದಳು.

"ಮೊಹಿರಾ ಕಟ್ಟೆ ಮೇಲೆಲ್ಲ ನೀರು ಹರಿಸ್ತಾಳಂತೆ. ಹಲಗೆ ಕೊಳೀತಂತೆ. ತಲೆ ಎತ್ತಿ ನಿಲ್ಲೋಕಾಗ್ಲಿಲ್ಲ ನಂಗೆ. ನಾನು ಕಲಿಸಿದ್ದು ಇದೇನಾ?"

ಇಕ್ರೋಮ್ ಚಮಚ ಇಟ್ಟ. "ಅಪ್ಪ, ನಾಳೆ ಹೋಗೋಣ."

"ನಲವತ್ತು ಆಗಿಲ್ಲ."

"ಅಲ್ಲೀವರೆಗೆ ಹಲಗೆ ಇರಲ್ಲ."

"ಇಕ್ರೋಮ್, ಕಟುಕನ ಮನೆ ಮೂಲೆ ಅರ್ಧ ಆಗಿದೆ," ಎಂದ ಉಸ್ತಾ. "ಆ ಕಂಡಕ್ಟರ್ ಹೆಂಡ್ತಿ ಮುಂಗಡ ಕೊಟ್ಟಿದಾಳೆ. ಈಗ ಹೋಗಿ ನಮ್ದೇ ತಪ್ಪು ಅಂದ್ರೆ ನಾಳೆಯಿಂದ ಈ ಊರಲ್ಲಿ ಯಾರೂ ನಿನ್ನ ಕೈಗೆ ಸ್ಟೂಲು ಮಾಡೋಕೂ ಕೊಡಲ್ಲ. ಅತ್ತೆಯಂದ್ರು ಬೈತಾರೆ. ನಿಮ್ಮಮ್ಮ ಬೈಸಿಕೊಂಡಿಲ್ವಾ? ಬರ್ನೋ ಬೈಸಿಕೊಂಡಿಲ್ವಾ? ಬೈಗುಳಕ್ಕೆ ಯಾರೂ ಸತ್ತಿಲ್ಲ."

"ಏನು ನಮ್ದೇ ತಪ್ಪು?" ಎಂದಳು ಖದಿಚಾ.

"ಏನಿಲ್ಲ, ಗಂಜಿ ಹಾಕು."

ಬರ್ನೋ ಗಂಡನ ಮುಖ ನೋಡಿದಳು. ಗಂಡ ಚಮಚ ಮತ್ತೆ ಎತ್ತಿಕೊಂಡ.

ಆ ವಾರವೇ ರೋಬಿಯಾಳ ಅಕ್ಕ, ಅವಳ ಸೊಸೆ, ಇಬ್ಬರೂ ಚಹಾಕ್ಕೆ ಬಂದರು. ಹೋಗುವಾಗ ಅಕ್ಕನ ಸೊಸೆ ಮೂಲೆಯ ಕಡೆ ನೋಡಿ ನಕ್ಕಳು. ಬಾಯಿ ಬಿಟ್ಟು ನಗಲಿಲ್ಲ, ತುಟಿಯಲ್ಲೇ. ಅದನ್ನು ರೋಬಿಯಾ ಕಂಡಳು. ಅಸ್ಕರ್ ಫರ್ಗಾನಾದಿಂದ ಬಂದು ಬೂಟು ಕಳಚುವ ಮುಂಚೆಯೇ ಅಡುಗೆಮನೆಗೆ ಕರೆದು ಶುರು ಮಾಡಿದಳು.

"ನಿನ್ನ ಹೆಂಡ್ತಿ ನನ್ನ ಮಾನ ಕಳೆದ್ಲು. ಆ ಗುಂಡೋದರಿ ನನ್ನ ಮನೇಲಿ ನಿಂತು ನಗ್ತಾಳೆ. ಒಂದು ಮೂಲೆ ಒಣಗಿಸಿಡೋಕೆ ಬರಲ್ವಾ ಇವಳಿಗೆ?"

ಅಸ್ಕರ್‌ಗೆ ಹಸಿವಾಗಿತ್ತು. ದಾರಿಯಲ್ಲಿ ವ್ಯಾನಿನ ಟೈರು ಬೇರೆ ಒಡೆದಿತ್ತು. "ಯಾಕೆ ನೀರು ಚೆಲ್ತೀಯ?" ಎಂದ.

"ನಾನು ಚೆಲ್ಲಿಲ್ಲ," ಎಂದಳು ಮೊಹಿರಾ. "ನಾನು ಅಲ್ಲಿ ತೊಳೆಯೋದೇ ಇಲ್ಲ. ಕೈ ನೋಡಿ ಬೇಕಾದ್ರೆ. ಅದು ತಾನಾಗಿ ಉಬ್ತಿದೆ."

"ತಾನಾಗಿ ಉಬ್ಬುತ್ತಂತೆ," ಎಂದಳು ರೋಬಿಯಾ. "ಅಂದ್ರೆ ನಾನು ಸುಳ್ಳು ಹೇಳ್ತಿದೀನಿ."

"ಸುಳ್ಳು ಅಂದಿಲ್ಲ ಅತ್ತೆ. ಚೆಲ್ಲಿಲ್ಲ ಅಂದೆ."

ಅಸ್ಕರ್ ಹೊಡೆದ. ಒಂದೇ ಏಟು, ತೆರೆದ ಅಂಗೈ, ಎಡಕಿವಿಯ ಮೇಲೆ. ಅಗಲವಿಲ್ಲದ ಜಾಗ. ಅವಳ ತಲೆ ಕಪಾಟಿಗೆ ಬಡಿದು ವಾಪಸು ಬಂತು. ರೋಬಿಯಾ ಬಾಯಿ ಮುಚ್ಚಿದಳು. ಮಗ ಕೈ ಎತ್ತುತ್ತಾನೆಂದು ಅವಳು ಎಣಿಸಿರಲಿಲ್ಲ. ಅವನ ಅಪ್ಪ ಒಮ್ಮೆಯೂ ಎತ್ತಿರಲಿಲ್ಲ. ಅಸ್ಕರ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡು ಅಂಗಳಕ್ಕೆ ಹೋದ. ಆ ರಾತ್ರಿ ಮೂವರೂ ಉಂಡರು.

ಎರಡು ದಿನ ಬಿಟ್ಟು ರೋಬಿಯಾ ಸೊಸೆಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಉಸ್ತಾನ ಮನೆಗೆ ಬಂದಳು. ಒಂದು ಬಟ್ಟೆಗಂಟು, ಎರಡು ರೊಟ್ಟಿ. ಅಸ್ಕರ್ ವ್ಯಾನಿನಿಂದ ಇಳಿಯಲಿಲ್ಲ.

"ನಲವತ್ತು ತುಂಬಿಲ್ಲ, ಗೊತ್ತು," ಎಂದಳು ಖದಿಚಾಳಿಗೆ. "ಏನ್ ಮಾಡ್ಲಿ. ಒಂದು ಹದಿನೈದು ದಿನ ನೀವೇ ಇಟ್ಕೊಳಿ. ಕೆಲಸ ಕಲಿಸಿ, ಮಾತು ಕಮ್ಮಿ ಮಾಡೋದು ಕಲಿಸಿ. ಆಮೇಲೆ ನೋಡೋಣ."

"ನೋಡೋಣ ಅಂದ್ರೆ ಏನ್ ಬೀಗರೇ?"

"ನೋಡೋಣ ಅಂದ್ರೆ ನೋಡೋಣ."

ಖದಿಚಾಳಿಗೆ ಅರ್ಥವಾಯಿತು. ಎರಡನೆಯ ಸಲ ಹಿಂದೆ ಕಳಿಸಿದರೆ ಹುಡುಗಿ ಮತ್ತೆ ಆ ಬಾಗಿಲು ನೋಡುವುದಿಲ್ಲ. ವ್ಯಾನು ತಿರುವು ದಾಟುವವರೆಗೆ ಬಾಗಿಲಲ್ಲಿ ನಗುತ್ತ ನಿಂತು, ಒಳಗೆ ಬಂದು ಮಗಳ ಮೇಲೆ ಬಿದ್ದಳು.

"ಎಷ್ಟು ಸಲ ಹೇಳಿದ್ದೆ, ಒರೆಸೋ ಬಟ್ಟೆ ಸೊಂಟಕ್ಕೆ ಸಿಕ್ಕಿಸ್ಕೊ ಅಂತ? ಎಷ್ಟು ಸಲ?"

"ಒರೆಸಿದೆ ಅಮ್ಮ."

"ಒರೆಸಿದ್ರೆ ವಾಪಸ್ ಯಾಕೆ ಬಂದೆ? ನಿಮ್ಮಪ್ಪ ಕೈಯಾರೆ ಮಾಡ್ಕೊಟ್ಟ ಮೂಲೆ. ಊರೆಲ್ಲ ಕಣ್ಣು ಹಾಕಿದ ಮೂಲೆ."

ಉಸ್ತಾ ಗೋಡೆಗೆ ಒರಗಿ ಕೂತಿದ್ದ. ಮಗಳನ್ನು ನೋಡಲಿಲ್ಲ. "ಚಹಾ ಕೊಡು ಅವಳಿಗೆ, ಚಳೀಲಿ ಬಂದಿದಾಳೆ," ಎಂದ. ಅಷ್ಟೇ ಅಂದದ್ದು. ಇಕ್ರೋಮ್ ಎದ್ದು ಕಾರ್ಖಾನೆಗೆ ಹೋಗಿ, ಆನ್ ಮಾಡದ ಯಂತ್ರದ ಮುಂದೆ ನಿಂತ.

ಮೊಹಿರಾಳ ಕಿವಿ ನೋಯುತ್ತಿತ್ತು. ಏನಾಯಿತೆಂದು ಅಮ್ಮ ಕೇಳಿದರೆ ಚಳಿ ಎಂದಳು. ಗಂಡನ ಮನೆಯ ಏಟನ್ನು ತವರಿಗೆ ತರಬಾರದೆಂದು ಅದೇ ಅಮ್ಮ ಹೇಳಿ ಕಳಿಸಿದ್ದಳು. ಖದಿಚಾ ಹತ್ತಿಬೀಜದ ಎಣ್ಣೆ ಬಿಸಿ ಮಾಡಿ, ಬೆಳ್ಳುಳ್ಳಿ ಎಸಳು ಹಾಕಿ ಆರಿಸಿ, ಎಡಕಿವಿಗೆ ಬಿಟ್ಟಳು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಬೈಯುತ್ತಲೇ ಬಿಟ್ಟಳು. ಮೊಹಿರಾ ಹಲ್ಲು ಕಚ್ಚಿ ಮಲಗಿದಳು. ನಾಲ್ಕು ದಿನಕ್ಕೆ ದಿಂಬಿನ ಮೇಲೆ ಹಳದಿ ಕಲೆಯಾಯಿತು. ಕೊಳೆ ಹೊರಗೆ ಬರುತ್ತಿದೆ, ಒಳ್ಳೆಯದು ಎಂದಳು ಖದಿಚಾ.

ಮನೆಯವರೆಲ್ಲ ಊಟಕ್ಕೆ ಕೂತ ಒಂದು ಮಧ್ಯಾಹ್ನ. ನಡುವೆ ಹಾಸಿದ ಬಟ್ಟೆಯ ಮೇಲೆ ರೊಟ್ಟಿ, ಮೂಲಂಗಿ, ಅನ್ನದ ಸಾರು. ಮೊಹಿರಾ ಬಾಗಿಲ ಪಕ್ಕ ಕೂತಿದ್ದಳು, ಕೆಂಡದ ಮೇಲೆ ಕೊತಕೊತ ಕುದಿಯುವ ಚಹಾಪಾತ್ರೆ ಅವಳ ಬಲಕ್ಕೆ.

"ಚಹಾ ಹಾಕು," ಎಂದಳು ಎಡಕ್ಕೆ ಕೂತ ಖದಿಚಾ. ಮೊಹಿರಾ ರೊಟ್ಟಿ ಮುರಿಯುತ್ತಿದ್ದಳು. "ಮೊಹಿರಾ, ಚಹಾ ಅಂದೆ." ಅವಳು ಕದಲಲಿಲ್ಲ. "ನೋಡಿ, ನೋಡಿ ಇವಳ ಸೊಕ್ಕು. ಅತ್ತೆ ಮನೇಲೂ ಹಿಂಗೇ ಕಿವುಡಿ ಥರ ಕೂತಿದ್ಲೇನೋ. ಸುಮ್ನೆ ಕಳಿಸಿದ್ರಾ?"

ಬರ್ನೋ ಎದ್ದಳು. ನಾದಿನಿಯ ಹಿಂದೆ ಹೋಗಿ ಎಡಕಿವಿಯ ಪಕ್ಕ ಎರಡು ಚಮಚ ತೆಗೆದು ಮೆಲ್ಲಗೆ ಒಂದಕ್ಕೊಂದು ತಾಗಿಸಿದಳು. ಮೊಹಿರಾ ರೊಟ್ಟಿಯನ್ನು ಸಾರಿಗೆ ಅದ್ದಿದಳು. ಬರ್ನೋ ಮತ್ತೆ ತಾಗಿಸಿದಳು, ಕಿವಿಗೆ ಇನ್ನೂ ಹತ್ತಿರ. ಎಲ್ಲರೂ ಅವಳನ್ನು ನೋಡುತ್ತಿರುವುದು ಕಂಡು ಮೊಹಿರಾ ತಲೆ ಎತ್ತಿದಳು.

"ಯಾಕೆ ಹಂಗೆ ನೋಡ್ತೀರ?"

"ಸೊಕ್ಕಲ್ಲ ಅತ್ತೆ," ಎಂದಳು ಬರ್ನೋ. "ಅವಳಿಗೆ ಆ ಕಡೆ ಕೇಳಲ್ಲ."

ಖದಿಚಾಳ ಕೈಯಲ್ಲಿ ಖಾಲಿ ಬಟ್ಟಲು ಹಾಗೇ ಇತ್ತು.

"ಚಳಿಗೆ ಕಿವಿ ಹೋಗುತ್ತಾ?" ಎಂದಳು ಕೊನೆಗೆ.

"ಚಳಿ ಅಲ್ಲ," ಎಂದಳು ಬರ್ನೋ. ನಾದಿನಿಯ ಬಲಕ್ಕೆ ಬಂದು ಕೂತಳು. "ಯಾರು ಹೊಡೆದ್ರು? ಅತ್ತೆಯಾ, ಅವನಾ?"

"ಅವರು."

"ಯಾಕೆ?"

"ಚೆಲ್ಲಿಲ್ಲ ಅಂದೆ. ಅದಕ್ಕೆ."

"ಯಾವ ದಿನ?"

"ಬರೋಕೆ ಎರಡು ದಿನ ಮುಂಚೆ."

ಖದಿಚಾ ಎಣ್ಣೆಯ ಬಾಟಲಿ ಇದ್ದ ಗೂಡಿನ ಕಡೆ ನೋಡಿದಳು, ಆಮೇಲೆ ತನ್ನ ಬೆರಳುಗಳನ್ನು. ಬರ್ನೋ ಗಂಡನ ಕಡೆ ತಿರುಗಿದಳು. ಅವಳ ದನಿಯಲ್ಲಿ ಏರುಪೇರು ಇರಲಿಲ್ಲ.

"ನೀವು ಹೇಳ್ತೀರೋ, ನಾನು ಹೇಳ್ಲೋ?"

"ಬರ್ನೋ, ಕೂತ್ಕೊ," ಎಂದ ಉಸ್ತಾ.

"ಕೂತೇ ಇದೀನಿ ಮಾವ. ಈ ಮನೇಲಿ ಐದು ವರ್ಷದಿಂದ ಕೂತಿದೀನಿ. ನನ್ನ ಮಗಳಿಗೂ ನಾಳೆ ನೀವೇ ಕಪಾಟು ಮಾಡೋದಲ್ವಾ?"

ಇಕ್ರೋಮ್ ಹೇಳಿದ. ನೆಲ ನೋಡುತ್ತ, ಮೆಲ್ಲಗೆ, ಒಂದೇ ಉಸಿರಿಗೆ: ಗಾರೆ, ತೆರೆದ ಸಂದು, ಮೇಣ, ಅಂಟು ಹಾಕದೆ ಬಿಟ್ಟದ್ದು. ಅವನು ತಂಗಿಯ ಎಡಕ್ಕಿದ್ದ.

"ಏನಂದೆ?" ಎಂದಳು ಮೊಹಿರಾ. "ಕೇಳಿಸ್ಲಿಲ್ಲ ಅಣ್ಣ. ಈ ಕಡೆ ಬಂದು ಹೇಳು."

ಇಕ್ರೋಮ್ ಎದ್ದು, ಅಮ್ಮನ ಹಿಂದಿನಿಂದ ಬಳಸಿ, ತಂಗಿಯ ಬಲಕ್ಕೆ ಬಂದು ಕೂತ. ಮತ್ತೆ ಮೊದಲಿನಿಂದ ಹೇಳಿದ. ಈ ಸಲ ಜೋರಾಗಿ ಹೇಳಬೇಕಾಯಿತು. ಖದಿಚಾಳಿಗೂ ಆಗಲೇ ಪೂರ್ತಿ ತಿಳಿದದ್ದು.

ಮೊಹಿರಾ ಅಪ್ಪನ ಕಡೆ ಮುಖ ತಿರುಗಿಸಿದಳು, ಬಲಕಿವಿ ಮುಂದೆ ಮಾಡಿ.

"ನಾನು ಬಂದ ದಿನ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಮ್ಮ ಬೈತಾ ಇದ್ದಾಗ?"

"ಗೊತ್ತಿತ್ತು ಅಂದ್ನಲ್ಲ."

"ಚಹಾ ಕೊಡು ಅಂದ್ರಿ."

ಉಸ್ತಾ ಬಟ್ಟೆಯ ಮೇಲೆ ಬಿದ್ದ ರೊಟ್ಟಿ ಚೂರುಗಳನ್ನು ಒಟ್ಟುಮಾಡಿದ. "ಹೊಡೀತಾನೆ ಅಂತ ನಾನೇನು ಕನಸು ಕಂಡಿದ್ನಾ?" ಎಂದ ಆಮೇಲೆ, ಯಾರಿಗೆ ಎಂದಿಲ್ಲದೆ. "ಬೈತಾರೆ ಅಷ್ಟೇ ಅಂದ್ಕೊಂಡಿದ್ದೆ."

ಮರುದಿನ ಫರ್ಗಾನಾದ ಆಸ್ಪತ್ರೆಗೆ ಖದಿಚಾ ಮತ್ತು ಬರ್ನೋ ಕರೆದೊಯ್ದರು. ಡಾಕ್ಟರಮ್ಮ ಕಿವಿಗೆ ದೀಪ ಹಿಡಿದು ನೋಡಿ, ಒಳಗೆ ಏನು ಹಾಕಿದಿರಿ ಎಂದು ಕೇಳಿದಳು. ಖದಿಚಾ ಹೇಳಿದಳು. ಹರಿದ ತಮಟೆ ಬಿಟ್ಟಿದ್ದರೆ ತಾನಾಗಿ ಕೂಡಿಕೊಳ್ಳುತ್ತಿತ್ತು, ಎಣ್ಣೆ ಬಿಟ್ಟು ಕೀವು ಒಳಗೆ ಇಳಿಸಿದ್ದೀರಿ ಎಂದಳು ಡಾಕ್ಟರಮ್ಮ. ಬೈಯುವ ದನಿಯೂ ಇರಲಿಲ್ಲ. ದಿನಕ್ಕೆ ನಾಲ್ಕು ಜನ ಹೀಗೆ ಬರುತ್ತಿದ್ದರೇನೋ. ಔಷಧಿ ಬರೆದಳು. ಕೀವು ನಿಲ್ಲುತ್ತದೆ, ಕೇಳಿಸುವುದು ಬರುವುದಿಲ್ಲ ಎಂದಳು. ಖದಿಚಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು ಬಸ್ಸಿಗೆ ಹೊತ್ತಾದರೂ ಏಳಲಿಲ್ಲ. ಬರ್ನೋ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಅದೇ ಹೊತ್ತಿಗೆ ಉಸ್ತಾ ಮತ್ತು ಇಕ್ರೋಮ್ ಚೀಲ ಹೊತ್ತು ರೋಬಿಯಾಳ ಮನೆಗೆ ಹೋದರು. ಯಾರೂ ಕರೆದಿರಲಿಲ್ಲ. ಉಸ್ತಾ ಸಲಾಂ ಹೇಳಿ ನೇರ ಜಗಲಿಗೆ ನಡೆದು, ಕಪಾಟಿನೊಳಗೆ ತಲೆ ಹಾಕಿ ಬೋಲ್ಟು ಬಿಚ್ಚಿದ. ಎರಡು ಹಲಗೆ ಬೇರೆಯಾದವು. ಕೊಳೆತ ತುದಿಯನ್ನು ಎತ್ತಿ ರೋಬಿಯಾಳ ಮುಂದೆ ಹಿಡಿದ.

"ಒಳಗೆ ಅಂಟಿಲ್ಲ. ನಾನು ಹಾಕ್ಲಿಲ್ಲ. ಸಂದು ಕೂಡ್ಲಿಲ್ಲ, ಮೇಣ ತುಂಬಿದೆ. ನನ್ನ ಮಗಳು ನೀರು ಚೆಲ್ಲಿಲ್ಲ."

ರೋಬಿಯಾ ಹಲಗೆಯನ್ನು ಮುಟ್ಟಿ ನೋಡಿದಳು. ಪುಡಿ ಉದುರಿತು. ಅಸ್ಕರ್ ಬಾಗಿಲಲ್ಲಿ ನಿಂತಿದ್ದ.

"ಯಾವಾಗಿಂದ ಗೊತ್ತು ನಿಮಗೆ?"

"ಮೊದಲಿಂದ."

"ಮೊದಲಿಂದ," ಎಂದಳು ರೋಬಿಯಾ. "ನಾನು ದಿನಾ ಬೈದೆ ಉಸ್ತಾ. ಬೆಳಗ್ಗೆ ಬೈದೆ, ಸಂಜೆ ಬೈದೆ. ಬೈದು ಬೈದು ಇವನ ಕೈ ಎತ್ತಿಸಿದೆ. ಅಷ್ಟೂ ದಿನ ನೀವು ಕಟುಕನ ಮನೆ ಮೂಲೆ ಕೊರೀತಾ ಇದ್ರಿ."

"ಮರ್ಯಾದೆ ಹೋಗುತ್ತೆ ಅಂತ."

"ಯಾರದ್ದು?"

ಉಸ್ತಾ ಹಲಗೆ ಕೆಳಗಿಟ್ಟ.

"ಅವಳ ಒಂದು ಕಿವಿ ಹೋಗಿದೆ," ಎಂದ ಇಕ್ರೋಮ್, ಅಸ್ಕರ್‌ಗೆ. ಹೊಡೆಯಲೆಂದೇ ಬಂದಿದ್ದ. ಅಸ್ಕರ್‌ನ ಮುಖದ ರಕ್ತ ಇಳಿಯುವುದನ್ನು ಕಂಡು ನಿಂತುಬಿಟ್ಟ. ಅಸ್ಕರ್ ಬಾಗಿಲ ಹಲಗೆ ಹಿಡಿದು ಮೆಲ್ಲಗೆ ಹೊಸ್ತಿಲ ಮೇಲೆ ಕೂತ.

"ಒಂದೇ ಏಟು," ಎಂದ. "ಒಂದೇ ಹೊಡೆದಿದ್ದು. ಅಮ್ಮ, ನೀನು ನೋಡಿದ್ಯಲ್ಲ, ಒಂದೇ."

ಸುದ್ದಿ ಕೇರಿಯಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಕಂಡಕ್ಟರನ ಹೆಂಡತಿ ಮುಂಗಡ ವಾಪಸು ಕೇಳಿದಳು. ಕಟುಕ ತನ್ನ ಮೂಲೆಯನ್ನು ತಾನೇ ಬಿಚ್ಚಿ ನೋಡಿದ. ಅದರಲ್ಲಿ ಅಂಟು ಸರಿಯಾಗಿಯೇ ಇತ್ತು, ಬಿಚ್ಚಿದ್ದರಿಂದ ಹಾಳಾಯಿತು. ಅಂಥದೇ ಮೂಲೆ ಬೇಕೆಂದಿದ್ದ ಮೂರನೆಯವಳು ಮತ್ತೆ ಆ ಮಾತೇ ಎತ್ತಲಿಲ್ಲ.

ರೋಬಿಯಾ ತಾನೇ ಬಂದಳು, ಬುಟ್ಟಿಯಲ್ಲಿ ರೊಟ್ಟಿ, ದಾಳಿಂಬೆ, ಹೊಸ ಶಾಲು. ಅಸ್ಕರ್ ಗೇಟಿನ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮೊಹಿರಾ ಅಂಗಳದಲ್ಲಿ ಬಟ್ಟೆಗಂಟು ಕಟ್ಟುತ್ತಿದ್ದಳು. ಎರಡು ದಿನದಿಂದ ಅಪ್ಪನ ಎದುರು ಕೂತು ಉಂಡಿರಲಿಲ್ಲ. ರೋಬಿಯಾ ಅವಳ ಬಲಕ್ಕೆ ಬಂದು ನಿಂತಳು. ಯಾರೋ ಹೇಳಿ ಕಳಿಸಿರಬೇಕು.

"ಕೆಲಿನ್, ಗೊತ್ತಾಯ್ತು ನಂಗೆ. ನಿನ್ನ ತಪ್ಪಿಲ್ಲ. ನೀನು ಚೆಲ್ಲಿರಲಿಲ್ಲ. ಬಾ, ಮನೆಗೆ ಹೋಗೋಣ."

ಮೊಹಿರಾ ಗಂಟಿನ ತುದಿ ಎಳೆದಳು.

"ಚೆಲ್ಲಿದ್ದಿದ್ರೆ?" ಎಂದಳು.

ರೋಬಿಯಾಳಿಗೆ ಪ್ರಶ್ನೆ ತಿಳಿಯಲಿಲ್ಲ. ಖದಿಚಾಳ ಕಡೆ ನೋಡಿದಳು. ಖದಿಚಾ ನೆಲ ನೋಡಿದಳು.

"ನಿಜವಾಗ್ಲೂ ನಾನೇ ಚೆಲ್ಲಿದ್ದಿದ್ರೆ ಅತ್ತೆ? ಹೋಗ್ಲಿ ಬಿಡಿ."

ಅವಳು ಅವರೊಂದಿಗೆ ಹೋಗಲಿಲ್ಲ. ತವರಿನಲ್ಲೂ ಉಳಿಯಲಿಲ್ಲ. ಕೋಕಂದ್ ಪಟ್ಟಣದಲ್ಲಿ ಸ್ಕೂಲು ಹುಡುಗರ ಯೂನಿಫಾರ್ಮು ಹೊಲಿಯುವ ಶೆಡ್ಡಿನಲ್ಲಿ ಬರ್ನೋಳ ಅಕ್ಕ ಕೆಲಸಕ್ಕಿದ್ದಳು. ಬರ್ನೋ ಬಸ್ಸಿಗೆ ಹತ್ತಿಸಿ ಬಂದಳು. ಕಿಟಕಿಯ ಪಕ್ಕ, ಜನರು ಬಲಕ್ಕೆ ಬರುವಂಥ ಸೀಟು ಹುಡುಕಿ ಕೂರಿಸಿದಳು. ವಸಂತದ ಹಬ್ಬಕ್ಕೆ ಖದಿಚಾ ಹೇಳಿ ಕಳಿಸಿದಳು. ಮೊಹಿರಾ ಬರಲಿಲ್ಲ.

ಆ ಚಳಿಗಾಲದಲ್ಲಿ ಹೋದದ್ದು ಇಷ್ಟು: ಎರಡು ತುಂಡು ಹಲಗೆ, ಮೂವರು ಗಿರಾಕಿಗಳು, ಒಂದು ಮದುವೆ, ಒಂದು ಎಡಕಿವಿ.